ಹೇಳಿ ಮಾಡಿಸಿದ ಸಂಗೀತ

‘ಹೇಳಿ ಮಾಡಿಸಿದಂತಿದೆ’ ಎಂಬುದು ಕನ್ನಡದಲ್ಲಿ ಮೆಚ್ಚುಗೆಯ ಮಾತು. ಕಿವಿಗೆ ಓಲೆ, ಮನೆಗೆ ಬಾಗಿಲು, ಮಗಳಿಗೆ ವರ, ಯಾವುದೇ ಆಗಲಿ, ತಕ್ಕದ್ದು ತಕ್ಕ ಸ್ಥಳದಲ್ಲಿ ಕೂಡಿಬಂದಾಗ ನಮ್ಮ ಜನ ಈ ಮಾತನ್ನಾಡಿ ತಲೆದೂಗುತ್ತಾರೆ. ಆದರೆ ಸಂಗೀತದ ಪ್ರಸ್ತಾಪ ಬಂದೊಡನೆ ಅದೇ ಮಾತು ತಿರಸ್ಕಾರಸೂಚಕವಾಗಿ ಮಾರ್ಪಡುತ್ತದೆ. ಇಂಥವರು ಹೇಳಿದರು, ಇಷ್ಟು ಹಣ ಕೊಟ್ಟರು, ಇಂಥ ದಿನದೊಳಗೆ ಆಗಬೇಕೆಂದರು, ಅದರಂತೆ ಇವರು ಮಾಡಿಕೊಟ್ಟರು ಎಂದು ತಿಳಿದುಬಂದ ಕೃತಿಯನ್ನು ನಮ್ಮ ವಿಮರ್ಶಕರು ವಿಮರ್ಶೆಗೆ ಅರ್ಹವೆಂದೇ ಭಾವಿಸುವುದಿಲ್ಲ. ಅಂತಃಪ್ರೇರಣೆಯಿಂದ ಹುಟ್ಟಿದುದು ಕಲೆ, ಹೇಳಿಕೆಯಿಂದ ಹುಟ್ಟಿದುದು ಕಸಬು ಎಂಬ ವಿಭಾಗವನ್ನು ನಾವು ಎಂದೋ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ವಿಭಾಗಕ್ಕೆ ಆಧಾರವೇನು, ಯಾರ ಸಂಬಳಕ್ಕೂ ಒಳಪಡದೆ ಹೇಳಿಕೆಯ ಸಂಗೀತದಿಂದಲೇ ಜೀವನ ಸಾಗಿಸುವ ಸಂಯೋಜಕನ ಕೃತಿಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

ಹೇಳಿಕೆಯ ಸಂಗೀತ ಇಂದಿನ ವಾಣಿಜ್ಯಯುಗದ ಪಿಡುಗೆಂದು ತಿಳಿಯುವವರು ಮೈಸೂರಿನ ಆಸ್ಥಾನವನ್ನು ಮರೆತಿದ್ದಾರೆ. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಇಚ್ಛೆಯಂತೆ ಚಾಮುಂಡಾಂಬೆಯ ಅಷ್ಟೋತ್ತರ ಶತನಾಮಗಳಿಗೆ ಒಂದೊಂದರಂತೆ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಎಷ್ಟು ಕೃತಿಗಳಿರಬೇಕು, ಯಾವ ದೇವತೆಯ ಮೇಲಿರಬೇಕು, ಪ್ರತಿಯೊಂದೂ ಯಾವ ನಾಮವನ್ನು ಹಿಡಿದು ಸಾಗಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿದ್ದ ಕೆಲಸವಿದು. ನೂರೆಂಟೂ ಒಂದೇ ತೂಕದವಾಗಿವೆಯೆಂದು ನಾವು ಹೇಳುವುದಿಲ್ಲ. ಅವುಗಳಲ್ಲಿ ಹಲವು ಇಂದು ಕಚೇರಿಗಳಲ್ಲಿ ಕೇಳಿಬರುವುದೇ ಅಪರೂಪ. ಆದರೆ ಅದೇ ಸಮುಚ್ಚಯಕ್ಕೆ ಸೇರಿದ ಮೋಹನಕಲ್ಯಾಣಿ ರಾಗದ ‘ಭುವನೇಶ್ವರಿಯ’ ಎಂಬ ಕೃತಿಯನ್ನು ಇಂದಿಗೂ ಗಾಯಕರು ಪ್ರೀತಿಯಿಂದ ಹಾಡುತ್ತಾರೆ. ಅದು ಯಾರ ಅಪ್ಪಣೆಯಿಂದ ಹುಟ್ಟಿತೆಂದು ಕೇಳುವವರಾರೂ ಯೋಚಿಸುವುದಿಲ್ಲ. ಏರುವಾಗ ಮೋಹನ, ಇಳಿಯುವಾಗ ಕಲ್ಯಾಣಿ ಎಂಬ ಆ ರಾಗದ ಕಲ್ಪನೆಯೇ ಭಾಗವತರದೆಂದು ಪ್ರಸಿದ್ಧಿ. ಅರಸರು ಕೇಳಿದ್ದು ಒಂದು ನಾಮಕ್ಕೆ ಒಂದು ಹಾಡನ್ನು. ಐದು ಸ್ವರಗಳಲ್ಲಿ ಮೇಲೇರಿ ಏಳು ಸ್ವರಗಳಲ್ಲಿ ತುಂಬಿಕೊಂಡು ಇಳಿದುಬರುವ ಆ ಚಲನೆಯನ್ನು ಅವರು ಕೇಳಿರಲಿಲ್ಲ. ಕೇಳಬಹುದೆಂದು ಅವರಿಗೆ ಹೊಳೆಯುವುದೂ ಸಾಧ್ಯವಿರಲಿಲ್ಲ. ಹೇಳಿಕೆಯ ಸಂಗೀತದ ವಿಮರ್ಶೆ ಆರಂಭವಾಗಬೇಕಾದದ್ದು ಈ ಸ್ಥಳದಿಂದ ಎಂದು ನಮ್ಮ ಅಭಿಪ್ರಾಯ. ಹೇಳಿದವನು ಕೇಳಿದ್ದೆಷ್ಟು, ಮಾಡಿದವನು ಅದರೊಳಗೆ ಕಂಡುಕೊಂಡದ್ದೆಷ್ಟು?

ಆದರೆ ಈ ನಿದರ್ಶನವನ್ನು ಅಳತೆಮೀರಿ ಎಳೆಯಬಾರದು. ಭಾಗವತರು ಆಸ್ಥಾನ ವಿದ್ವಾಂಸರು. ಒಂದು ಕೃತಿ ಅರಸರಿಗೆ ಹಿಡಿಸದಿದ್ದರೆ ಅವರ ಮನೆಯ ಒಲೆ ಆರುತ್ತಿರಲಿಲ್ಲ. ಸ್ವತಂತ್ರ ವೃತ್ತಿಯ ಸಂಯೋಜಕನ ಸ್ಥಿತಿಯೇ ಬೇರೆ. ಅವನಿಗೆ ಅರಸನೂ ಇಲ್ಲ, ಆಸ್ಥಾನವೂ ಇಲ್ಲ. ತಿಂಗಳಿಗೊಬ್ಬ ಹೊಸ ಯಜಮಾನನಿದ್ದಾನೆ.

ಇಂಥ ಸ್ಥಿತಿಯ ಇನ್ನೊಂದು ಮುಖವೂ ಮೈಸೂರಿನ ಇತಿಹಾಸದಲ್ಲಿಯೇ ದೊರೆಯುತ್ತದೆ. ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ 1921ರಲ್ಲಿ ಸ್ವದೇಶವನ್ನು ಬಿಟ್ಟು, ನಾನಾ ಕಡೆ ಅಲೆದು, 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದವನು. ಪಾಠ ಹೇಳುವುದು, ಅಪರೂಪಕ್ಕೊಮ್ಮೆ ಕಚೇರಿ, ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪ ಹಣ, ಇಷ್ಟೇ ಅವನ ಆಧಾರ. ಎರಡನೆಯ ಮಹಾಯುದ್ಧ ಆರಂಭವಾದೊಡನೆ ಜರ್ಮನಿಯ ಹಣವೂ ನಿಂತಿತು. ಕಾಲದ ರುಚಿಗೆ ತನ್ನ ಬರವಣಿಗೆಯನ್ನು ಹೊಂದಿಸಿಕೊಳ್ಳಲು ಅವನು ಒಪ್ಪಲಿಲ್ಲ. ಆತನಿಗೆ ನೆರವಾದವರು ಜಯಚಾಮರಾಜ ಒಡೆಯರು. ಅವರ ಧನಸಹಾಯದಿಂದ ಮೆಟ್ನರ್ ಸೊಸೈಟಿ ಸ್ಥಾಪಿತವಾಯಿತು. ಪಿಯಾನೊ ಮತ್ತು ವಾದ್ಯವೃಂದಕ್ಕೆಂದು ಆತ ರಚಿಸಿದ್ದ ಮೂರು ದೊಡ್ಡ ಕೃತಿಗಳೂ ಹಲವು ಬಿಡಿ ರಚನೆಗಳೂ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯ ಮುದ್ರಿಕೆಗಳಾಗಿ ಹೊರಬಂದುವು. ಪಿಯಾನೊ ನುಡಿಸಿದವನು ರೋಗಪೀಡಿತನಾಗಿದ್ದ ಮೆಟ್ನರನೇ. ಆ ಮೂರರಲ್ಲಿ ಕೊನೆಯದನ್ನು ಆತ ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ತೀರಿಕೊಂಡನು. ಇಲ್ಲಿ ನಾವು ಗಮನಿಸಬೇಕಾದದ್ದೇನೆಂದರೆ, ಮಹಾರಾಜರು ಆತನಿಗೆ ಇಂಥದನ್ನು ಬರೆಯೆಂದು ಹೇಳಲಿಲ್ಲ. ಬರೆದದ್ದು ಉಳಿಯಲಿ ಎಂದು ಮಾತ್ರ ಹಣ ಕೊಟ್ಟರು. ಹೇಳಿಕೆ ಬೇರೆ, ಪೋಷಣೆ ಬೇರೆ. ಈ ಎರಡನ್ನೂ ‘ಆಶ್ರಯ’ವೆಂಬ ಒಂದೇ ಮಾತಿನಲ್ಲಿ ಕಟ್ಟಿಡುವುದರಿಂದ ನಮ್ಮ ಸಂಗೀತಚರಿತ್ರೆಗಳಲ್ಲಿ ಬಹಳಷ್ಟು ಗೊಂದಲವುಂಟಾಗಿದೆ. (ಸ್ವತಃ 94 ಕೃತಿಗಳನ್ನು ರಚಿಸಿದ ಅರಸನಿಗೆ ಈ ಭೇದ ತಿಳಿದಿದ್ದರೆ ಆಶ್ಚರ್ಯವಿಲ್ಲ.)

ಇನ್ನು ಇಂದಿನ ಮಾತು. ಈ ಲೇಖನದ ಸಿದ್ಧತೆಗಾಗಿ ನಾವು ಬೆಂಗಳೂರಿನ ಬೆನ್ಸನ್ ಟೌನಿನಲ್ಲಿ ವಾಸಿಸುವ ಸಂಯೋಜಕರೊಬ್ಬರನ್ನು ಹಲವು ಸಲ ಭೇಟಿಮಾಡಿದೆವು. ಅವರ ಅಪೇಕ್ಷೆಯಂತೆ ಹೆಸರನ್ನು ಕೈಬಿಟ್ಟಿದ್ದೇವೆ. ಬೆನ್ಸನ್ ಟೌನು ದಂಡು ರೈಲ್ವೆ ನಿಲ್ದಾಣಕ್ಕೆ ಸಮೀಪದ ಹಳೆಯ ಬಡಾವಣೆ. ಅಲ್ಲಿಯ ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ. ಹೇಳಿಕೆಯ ಸಂಗೀತಕ್ಕೆ ಈ ಪರಿಸರ ಹೊಸದೇನೂ ಅಲ್ಲ. ದಂಡಿನ ಬ್ಯಾಂಡುಗಳೂ ಚರ್ಚಿನ ವೃಂದಗಾನಗಳೂ ಇಂತಿಷ್ಟು ಹೊತ್ತಿಗೆ, ಇಂಥ ಸಂದರ್ಭಕ್ಕೆ ಎಂದು ಅಳೆದು ಒದಗಿಸಿದ ಸಂಗೀತದಿಂದಲೇ ಬದುಕಿದುವು. ಕ್ರಿಸ್ತಚರಿತೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿ ಹಾಡಲು ಬರುವಂತೆ ‘ಕಥಾಮಾಲೆ’ಯಾಗಿ ಕಟ್ಟಿದ ಕಿಟ್ಟೆಲನನ್ನೂ ಈ ಸಂದರ್ಭದಲ್ಲಿ ಸ್ಮರಿಸಬಹುದು, ಮಿಷನ್ನಿನ ಕೆಲಸಕ್ಕೆಂದು ಮಾಡಿದ್ದರಲ್ಲಿ ಛಂದಸ್ಸಿನ ಪ್ರೀತಿ ಹೇಗೆ ನುಸುಳಿಬಿಟ್ಟಿತೆಂಬುದನ್ನು ಅವನ ನಿಘಂಟನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ನಮ್ಮ ಸಂಯೋಜಕರ ಕಾರ್ಯಾಗಾರ ಮನೆಯ ಹಿಂಬದಿಯ ಒಂದು ಕೋಣೆ. ಗೋಡೆಗೆ ಹತ್ತಿಯ ಹಾಸಿಗೆಗಳನ್ನು ಒರಗಿಸಿದ್ದಾರೆ. ಒಂದು ಗಣಕಯಂತ್ರ, ಒಂದು ಕೀಬೋರ್ಡು, ತಂದೆಯ ಕಾಲದ ಒಂದು ಹಾರ್ಮೋನಿಯಂ. ರೈಲು ಹಾದುಹೋಗುವಾಗ ನೆಲದಿಂದ ಬರುವ ಗುಂಗು ಧ್ವನಿಮುದ್ರಣದಲ್ಲಿ ಸೇರಿಬಿಡುವುದರಿಂದ ಪಿಟೀಲು, ಕೊಳಲು, ಕಂಠ ಇವುಗಳ ಕೆಲಸವನ್ನು ಗಾಡಿಗಳ ವೇಳೆ ನೋಡಿಕೊಂಡೇ ಇಟ್ಟುಕೊಳ್ಳುತ್ತಾರೆ. ಜಾಹೀರಾತು, ಸಂಸ್ಥೆಗಳ ಪರಿಚಯಚಿತ್ರ, ಶಾಲೆಯ ಗೀತೆ, ನೃತ್ಯರೂಪಕ, ನಾಟಕ, ಯಾವುದು ಬಂದರೂ ಆಗಬಹುದು. ಹೇಳಿಕೆ ಬರುವ ರೀತಿ ವಿಚಿತ್ರವಾದುದು. ರಾಗ ತಾಳಗಳ ಮಾತನ್ನು ಯಾರೂ ಆಡುವುದಿಲ್ಲ. ಸಂತೋಷವಾಗಿರಬೇಕು, ಆದರೆ ತೀರ ಸಂತೋಷ ಬೇಡ ಎನ್ನುತ್ತಾರೆ. ಅಥವಾ ಬೇರೆ ಯಾವುದೋ ಚಿತ್ರದ ಸಂಗೀತವನ್ನು ಕೇಳಿಸಿ, ಇದರಂತೆಯೇ ಇರಬೇಕು, ಇದೇ ಆಗಿರಬಾರದು ಎನ್ನುತ್ತಾರೆ. ಮುಂಗಡ ಅರ್ಧ ಹಣ. ಉಳಿದರ್ಧ ಚಿತ್ರ ಪ್ರಸಾರವಾದ ಮೇಲೆ. ಆ ಉಳಿದರ್ಧಕ್ಕಾಗಿ ಬರೆಯುವ ಪತ್ರಗಳ ಸಂಖ್ಯೆ ಬರೆದ ಸ್ವರಗಳಿಗಿಂತ ಹೆಚ್ಚೆಂದು ಅವರು ನಗುತ್ತ ಹೇಳಿದರು. ಈಚಿನ ಎರಡು ಮೂರು ವರ್ಷಗಳಿಂದ, ನಾಲ್ಕು ಮಾತು ಕೊಟ್ಟರೆ ತಾನೇ ಸಂಗೀತವನ್ನು ಹೆಣೆದುಕೊಡುವ ಯಂತ್ರಗಳೂ ಬಂದಿರುವುದರಿಂದ ಸಣ್ಣ ಹೇಳಿಕೆಗಳು ಕಡಮೆಯಾಗಿವೆ ಎಂದಾಗ ಮಾತ್ರ ಅವರು ನಗಲಿಲ್ಲ.

ಇಂಥ ಸಂಗೀತದಲ್ಲಿ ವಿಮರ್ಶಿಸತಕ್ಕದ್ದೇನಿದೆ ಎಂದು ಕೇಳುವವರಿಗಾಗಿ ಒಂದು ಸೂಕ್ಷ್ಮವನ್ನು ಸ್ವಲ್ಪ ವಿಸ್ತಾರವಾಗಿಯೇ ನಿರೂಪಿಸುತ್ತೇವೆ. ಜಾಹೀರಾತಿನ ಅವಧಿ ಸಾಮಾನ್ಯವಾಗಿ 30 ಸೆಕೆಂಡು. ಅದನ್ನೇ ಮುಂದೆ 20 ಸೆಕೆಂಡಿಗೂ 10 ಸೆಕೆಂಡಿಗೂ ಮೊಟಕುಮಾಡುತ್ತಾರೆ. ನಿಮಿಷಕ್ಕೆ 120 ಎಣಿಕೆಯ ನಡೆಯನ್ನು ಹಿಡಿದರೆ 30 ಸೆಕೆಂಡಿಗೆ 60 ಎಣಿಕೆಗಳಾಗುತ್ತವೆ. ಆದಿತಾಳದ ಲೆಕ್ಕದಲ್ಲಿ ಅದು ಏಳೂವರೆ ಆವರ್ತ. ಸಮಕ್ಕೆ ಬರುವ ಮೊದಲೇ ಚಿತ್ರ ಮುಗಿದುಹೋಗುತ್ತದೆ. ನಡೆಯನ್ನು 128ಕ್ಕೆ ಏರಿಸಿದರೆ 64 ಎಣಿಕೆ, ಪೂರ್ಣ ಎಂಟು ಆವರ್ತ. 30 ಸೆಕೆಂಡಿಗೆ ಚೆನ್ನಾಯಿತು. ಆದರೆ 20 ಸೆಕೆಂಡಿನ ರೂಪದಲ್ಲಿ ಅದೇ ನಡೆ ಆವರ್ತದ ಮಧ್ಯೆ, ಎಣಿಕೆಯೂ ಪೂರ್ಣವಾಗದಂತೆ ತುಂಡಾಗುತ್ತದೆ. ನಮ್ಮ ಸಂಯೋಜಕರು ಬಹುಮಟ್ಟಿಗೆ 96ರ ನಡೆಯನ್ನು ಆಯ್ದುಕೊಳ್ಳುತ್ತಾರೆ. 30 ಸೆಕೆಂಡಿಗೆ ಆರು ಆವರ್ತ, 20ಕ್ಕೆ ನಾಲ್ಕು, 10ಕ್ಕೆ ಎರಡು. ಮೂರು ರೂಪಗಳೂ ಸಮದಲ್ಲಿಯೇ ಬಂದು ನಿಲ್ಲುತ್ತವೆ. ಹಾಗೆ ನಿಲ್ಲಬೇಕಾದರೆ ಮೊದಲ ಎರಡು ಆವರ್ತಗಳೇ ಸ್ವಯಂಪೂರ್ಣವಾದ ಒಂದು ಪಲ್ಲವಿಯಾಗಿರಬೇಕು, ನಾಲ್ಕರ ಕೊನೆಯಲ್ಲಿ ಇನ್ನೊಂದು ತಂಗುದಾಣವಿರಬೇಕು, ಆದರೂ ಆರನ್ನೂ ಕೇಳಿದವನಿಗೆ ಎಲ್ಲಿಯೂ ನಿಂತಂತೆ ತೋರಬಾರದು. ಇದನ್ನು ಹೇಳಿದವರು ಕೇಳಲಿಲ್ಲ, ಕೇಳಿದವರು ಗಮನಿಸಲಿಲ್ಲ. ಆ ಬಂಧವಿಲ್ಲದಿದ್ದರೆ ಮಾತ್ರ ಏನೋ ಕೆಟ್ಟಿದೆಯೆಂದು ಎಲ್ಲರಿಗೂ ಅನಿಸುತ್ತಿತ್ತು.

ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ಆ ಕಟ್ಟು ಕುಮಾರವ್ಯಾಸನ ಸ್ವಾತಂತ್ರ್ಯವನ್ನು ಕಸಿಯಿತೆಂದು ಯಾರೂ ದೂರಲಿಲ್ಲ ಎಂದು ಇಲ್ಲಿ ಸಮಾಧಾನ ಹೇಳುವುದು ಸುಲಭ. ನಾವೂ ಮೊದಲು ಹಾಗೆಯೇ ಬರೆದಿದ್ದೆವು. ಮರುಚಿಂತನೆಯಲ್ಲಿ ಈ ಹೋಲಿಕೆ ಅರ್ಧ ಮಾತ್ರ ಸರಿಯೆಂದು ಕಂಡಿತು. ಕುಮಾರವ್ಯಾಸನು ತನ್ನ ಛಂದಸ್ಸನ್ನು ತಾನೇ ಆರಿಸಿಕೊಂಡನು; ಒಂದು ಪದ್ಯದಲ್ಲಿ ಮುಗಿಯದ ಭಾವವನ್ನು ಮುಂದಿನದಕ್ಕೆ ಸಾಗಿಸುವ ಅವಕಾಶವೂ ಅವನಿಗಿತ್ತು. 30 ಸೆಕೆಂಡಿನವನಿಗೆ ಮುಂದಿನ ಪದ್ಯವಿಲ್ಲ. ಅವನ ಬಂಧಕೌಶಲವೆಲ್ಲ ಒಂದು ಸಾಬೂನಿನ ಹೆಸರಿನ ಬಳಿಗೆ ಬಂದು ನಿಲ್ಲಬೇಕು. ಕೌಶಲವಿದೆಯೆಂಬುದನ್ನು ಒಪ್ಪಿಕೊಂಡೂ, ಆ ಕೌಶಲ ಬೆಳೆಯಲು ಬೇಕಾದ ಹರವು ದೊರೆಯುತ್ತಿಲ್ಲವೆಂಬುದನ್ನು ವಿಮರ್ಶೆ ಹೇಳಬೇಕು. ಹೊಗಳಿಕೆಯ ಉತ್ಸಾಹದಲ್ಲಿ ಇದನ್ನು ಮರೆಮಾಡಿದರೆ ಸಂಯೋಜಕನಿಗೇ ಅನ್ಯಾಯ.

ಹಾಗೆಂದು ಅಲ್ಪಾವಧಿಯ ಕೃತಿಗಳೆಲ್ಲ ಅಲ್ಪಾಯುಗಳೆಂದು ತಿಳಿಯಬಾರದು. ಆಕಾಶವಾಣಿಯ ಆರಂಭಸೂಚಕ ನಾದವನ್ನು ರಚಿಸಿದವನು ವಾಲ್ಟರ್ ಕೌಫ್‌ಮನ್, ನಾಜಿಗಳ ಕಾಲದಲ್ಲಿ ಯೂರೋಪನ್ನು ತೊರೆದು 1934ರಲ್ಲಿ ಮುಂಬಯಿಗೆ ಬಂದ ಯೆಹೂದಿ ಸಂಯೋಜಕ. ಸಿಂಫೊನಿಗಳನ್ನೂ ಗೀತನಾಟಕಗಳನ್ನೂ ಬರೆದ ಆತನ ರಚನೆಗಳಲ್ಲಿ ನಮ್ಮ ದೇಶದ ಕೋಟ್ಯಂತರ ಜನ ಮುಂಜಾನೆ ಮುಂಜಾನೆ ಕೇಳಿದ್ದು ಆ ಕೆಲವು ಕ್ಷಣಗಳ ಸಂಗೀತವೊಂದನ್ನೇ. ಬಹುಮಂದಿಗೆ ಅವನ ಹೆಸರೂ ತಿಳಿಯದು. ‘ಆಕಾಶವಾಣಿ’ ಎಂಬ ಹೆಸರನ್ನು 1935ರಲ್ಲಿ ಮೈಸೂರಿನಲ್ಲಿ ತಮ್ಮ ಬಾನುಲಿ ಕೇಂದ್ರದೊಡನೆ ಬಳಕೆಗೆ ತಂದ ಎಂ. ವಿ. ಗೋಪಾಲಸ್ವಾಮಿಯವರನ್ನು ನಾವು ನೆನೆಯುತ್ತೇವೆ. ನಾದವನ್ನು ಕೊಟ್ಟವನನ್ನು ನೆನೆಯುವುದಿಲ್ಲ. ಬೆಂಗಳೂರಿನಲ್ಲಿಯೇ ಬೆಳೆದ ರಿಕಿ ಕೇಜ್ ಅವರಿಗೆ 2015ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ಪತ್ರಿಕೆಗಳು ಪ್ರಶಸ್ತಿ ಪಡೆದ ಧ್ವನಿಮುದ್ರಿಕೆಯನ್ನು ಕುರಿತು ಬೇಕಾದಷ್ಟು ಬರೆದುವು. ಅದಕ್ಕೆ ಮುಂಚೆ ಅವರು ಮಾಡಿದ 3000ಕ್ಕೂ ಮಿಕ್ಕ ಜಾಹೀರಾತು ಸಂಗೀತಗಳು ಪರಿಚಯವಾಕ್ಯದಲ್ಲಿ ಒಂದು ಸಂಖ್ಯೆಯಾಗಿ ನಿಂತುವು. ಮೂರು ಸಾವಿರ ಸಲ ಮಾಡಿದ ಕೆಲಸ ಒಬ್ಬನ ಕಿವಿಯನ್ನು ತಿದ್ದುತ್ತದೆಯೋ ಕೆಡಿಸುತ್ತದೆಯೋ ಎಂಬ ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣಲಿಲ್ಲ.

ಚಲನಚಿತ್ರ ಸಂಗೀತದ ವಿಷಯದಲ್ಲಿ ನಮ್ಮ ವಿಮರ್ಶೆ ಇಷ್ಟು ಬಡವಾಗಿಲ್ಲವಾದರೂ ಅದು ಹಾಡುಗಳನ್ನು ದಾಟಿ ಮುಂದೆ ಹೋಗಿಲ್ಲ. ವಿಜಯಭಾಸ್ಕರ್ ಅವರ ಹೆಸರೆತ್ತಿದರೆ ಪುಟ್ಟಣ್ಣ ಕಣಗಾಲರ ಚಿತ್ರಗಳ ಗೀತೆಗಳನ್ನು ಎಲ್ಲರೂ ಗುನುಗುತ್ತಾರೆ. 1964ರಲ್ಲಿ ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿದ ‘ನಾಂದಿ’ಗೂ ಅವರದೇ ಸಂಗೀತ. ಕಿವಿ ಕೇಳದ, ಮಾತು ಬಾರದ ಹೆಣ್ಣೊಬ್ಬಳ ಸಂಸಾರವನ್ನು ಕುರಿತ ಚಿತ್ರಕ್ಕೆ ಸಂಗೀತ ಒದಗಿಸಬೇಕೆಂಬ ಹೇಳಿಕೆಗಿಂತ ಕಠಿನವಾದ ಹೇಳಿಕೆಯನ್ನು ನಾವು ಊಹಿಸಲಾರೆವು. ಪ್ರೇಕ್ಷಕನ ಕಿವಿಗೆ ಬೀಳುವುದು ನಾಯಿಕೆಯ ಕಿವಿಗೆ ಬೀಳುವುದಿಲ್ಲ. ಎಲ್ಲಿ ನುಡಿಸಬೇಕು ಎಂಬುದಕ್ಕಿಂತ ಎಲ್ಲಿ ಸುಮ್ಮನಿರಬೇಕು ಎಂಬುದೇ ಅಲ್ಲಿಯ ಸಮಸ್ಯೆ. ಅದೇ ಸಂಯೋಜಕರನ್ನು ಕಾಲು ಶತಮಾನ ಕಳೆದ ಮೇಲೆ ಅಡೂರ್ ಗೋಪಾಲಕೃಷ್ಣನ್ ತಮ್ಮ ‘ಮದಿಲುಕಳ್’ ಚಿತ್ರಕ್ಕೆ ಕರೆಸಿಕೊಂಡರೆಂಬುದು ಆಕಸ್ಮಿಕವಾಗಿರಲಾರದು. ಅಲ್ಲಿಯೂ ಗೋಡೆಯಾಚೆಯ ಹೆಣ್ಣು ಕಾಣುವುದಿಲ್ಲ, ದನಿಯಷ್ಟೇ ಕೇಳುತ್ತದೆ. ಈ ಎರಡು ಚಿತ್ರಗಳ ಹಿನ್ನೆಲೆ ಸಂಗೀತವನ್ನು ಒಟ್ಟಿಗಿಟ್ಟು ನಮ್ಮ ವಿದ್ಯಾರ್ಥಿಗಳಲ್ಲೊಬ್ಬರು ಪ್ರಬಂಧ ಬರೆಯುವುದಾದರೆ ನಮಗೆ ಸಂತೋಷ.

ಸ್ವತಂತ್ರ ವೃತ್ತಿಯೆಂಬುದು ಎಷ್ಟರ ಮಟ್ಟಿಗೆ ಸ್ವತಂತ್ರ ಎಂಬ ಪ್ರಶ್ನೆಗೆ ಸಿ. ಅಶ್ವಥ್ ಅವರ ಜೀವನ ಒಂದು ಬಗೆಯ ಉತ್ತರ. ಅವರು ಬಹುಕಾಲ ಕೃಷ್ಣರಾಜಪುರದ ಕಡೆಯ ದೂರವಾಣಿನಗರದಲ್ಲಿದ್ದ ಐ.ಟಿ.ಐ. ಕಾರ್ಖಾನೆಯ ಉದ್ಯೋಗಿಗಳು. ‘ಕಾಕನಕೋಟೆ’ಯ ಸಂಗೀತ ಹೊರಬಂದದ್ದು ಆ ಉದ್ಯೋಗದ ಅವಧಿಯಲ್ಲಿಯೇ. ತಿಂಗಳ ಸಂಬಳವಿದ್ದವನು ಒಲ್ಲದ ಹೇಳಿಕೆಯನ್ನು ಒಲ್ಲೆನೆನ್ನಬಹುದು. ಇಡೀ ದಿನವನ್ನು ಸಂಗೀತಕ್ಕೇ ಮೀಸಲಿಟ್ಟ ಬೆನ್ಸನ್ ಟೌನಿನ ನಮ್ಮ ಸ್ನೇಹಿತರಿಗೆ ಆ ಸ್ವಾತಂತ್ರ್ಯವಿಲ್ಲ. ಈ ವೈಪರೀತ್ಯವನ್ನು ಪರಿಹರಿಸುವ ಶಕ್ತಿ ವಿಮರ್ಶೆಗೆ ಇಲ್ಲ, ಕಾನೂನಿಗೆ ಸ್ವಲ್ಪ ಮಟ್ಟಿಗೆ ಇದೆ. 1957ರ ಕೃತಿಸ್ವಾಮ್ಯ ಶಾಸನವನ್ನು ಅರ್ಥೈಸುತ್ತ 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಚಿತ್ರಕ್ಕಾಗಿ ಹಣ ಕೊಟ್ಟು ಮಾಡಿಸಿದ ಸಂಗೀತದ ಪ್ರಥಮ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ನಿರ್ಮಾಪಕನದೇ ಎಂದು ತೀರ್ಮಾನಿಸಿತು. ಮೂವತ್ತೈದು ವರ್ಷಗಳ ತರುವಾಯ, 2012ರ ತಿದ್ದುಪಡಿಯು, ಚಿತ್ರಮಂದಿರದ ಪ್ರದರ್ಶನವನ್ನುಳಿದು ಬೇರೆ ರೀತಿಯ ಬಳಕೆಗಳಿಂದ ಬರುವ ರಾಯಧನದಲ್ಲಿ ಸಂಯೋಜಕನಿಗೆ ಸಮಪಾಲಿನ ಹಕ್ಕನ್ನು ಕೊಟ್ಟು, ಆ ಹಕ್ಕನ್ನು ಅವನು ತನ್ನ ವಾರಸುದಾರರಿಗೋ ಹಕ್ಕುಗಳನ್ನು ನಿರ್ವಹಿಸುವ ಸಂಘಕ್ಕೋ ಅಲ್ಲದೆ ಬೇರೆ ಯಾರಿಗೂ ಬರೆದುಕೊಡಲಾಗದಂತೆ ವಿಧಿಸಿತು. ಜಾಹೀರಾತು ಚಿತ್ರವೂ ಶಾಸನದ ಅರ್ಥದಲ್ಲಿ ಚಲನಚಿತ್ರವೇ ಎಂದು ನಾವು ತಿಳಿಯುತ್ತೇವೆ. ಆದರೂ ನಮಗೆ ತೋರಿಸಿದ ಕರಾರುಪತ್ರಗಳಲ್ಲೆಲ್ಲ ಒಂದೇ ಗಂಟು ಮೊತ್ತ, ಅದರ ಕೆಳಗೆ ಸಹಿ. ಹಕ್ಕಿದೆಯಲ್ಲ ಎಂದು ನಾವು ಕೇಳಿದಾಗ, ಹಕ್ಕನ್ನು ಕೇಳಿದವನನ್ನು ಮುಂದಿನ ಸಲ ಕರೆಯುವುದಿಲ್ಲ ಎಂಬ ಉತ್ತರ ಬಂತು.

ಹೇಳಿಕೆ ಯಾವಾಗಲೂ ಕೃತಿಗಿಂತ ಮುಂಚೆಯೇ ಬರುತ್ತದೆಂದೂ ತಿಳಿಯಬೇಕಾಗಿಲ್ಲ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿಯೋ ಅಶ್ವಥ್ ಅವರ ಧಾಟಿಯೋ ಎಂಬ ವಿವಾದ ಬಹುಕಾಲ ನಡೆದು, 2022ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿ, ಅವಧಿ 2 ನಿಮಿಷ 30 ಸೆಕೆಂಡು ಎಂದು ಗೊತ್ತುಮಾಡಿತು. ಅಷ್ಟು ಹೊತ್ತಿಗೆ ಅನಂತಸ್ವಾಮಿಯವರು ತೀರಿಕೊಂಡು 27 ವರ್ಷಗಳಾಗಿದ್ದುವು, ಅಶ್ವಥ್ ತೀರಿಕೊಂಡು 12. ಸಭೆಯಲ್ಲಿ ಎದ್ದುನಿಲ್ಲುವ ಜನರ ಅನುಕೂಲಕ್ಕೆ ಅವಧಿಯ ನಿರ್ಣಯ ಅಗತ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸುಗಮಸಂಗೀತದ ವೇದಿಕೆಯಲ್ಲಿ ಗಾಯಕನ ಉಸಿರಿಗೆ ತಕ್ಕಂತೆ ಹಿಗ್ಗುತ್ತ ಕುಗ್ಗುತ್ತ ಇದ್ದ ಧಾಟಿಯೊಂದು ಹೀಗೆ ಹೇಳಿಕೆಯ ಸಂಗೀತವಾಗಿ ಪರಿವರ್ತಿತವಾಗುವಾಗ ಏನನ್ನು ಕಳೆದುಕೊಂಡಿತು, ಏನನ್ನು ಪಡೆಯಿತು ಎಂದು ಸ್ವರಪ್ರಸ್ತಾರವನ್ನು ಮುಂದಿಟ್ಟುಕೊಂಡು ವಿವೇಚಿಸಿದ ಲೇಖನವೊಂದೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ವಾದವೆಲ್ಲ ಯಾರ ಧಾಟಿ ಎಂಬುದರಲ್ಲಿಯೇ ಮುಗಿಯಿತು.

ಇಂಥ ವಿವೇಚನೆಗೆ ಮೊದಲು ಸಾಮಗ್ರಿ ಬೇಕು. ಬೆನ್ಸನ್ ಟೌನಿನ ಸಂಯೋಜಕರಲ್ಲಿ ಅವರ ರಚನೆಗಳ ಪ್ರತಿಗಳನ್ನು ನಮ್ಮ ವಿಭಾಗದ ಗ್ರಂಥಭಂಡಾರಕ್ಕೆ ಕೊಡುವಿರಾ ಎಂದು ವಿನಂತಿಸಿದೆವು. ಕರಾರಿನ ಪ್ರಕಾರ, ಒಪ್ಪಿಗೆಯಾಗಿ ಹಣ ಸಂದ ಯಾವ ರಚನೆಯನ್ನೂ ಕೊಡುವ ಅಧಿಕಾರ ಅವರಿಗಿಲ್ಲ. ಹೇಳಿದವರು ಬೇಡವೆಂದು ಹಿಂದಿರುಗಿಸಿದುವು ಮಾತ್ರ ಅವರವಾಗಿಯೇ ಉಳಿದಿವೆ. ಅವನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದ್ದಾರೆ: ಹದಿನೇಳು ವರ್ಷಗಳ ಧ್ವನಿಮುದ್ರಣಗಳು, ಜತೆಗೆ ಪೆನ್ಸಿಲಿನಲ್ಲಿ ಸ್ವರ ಹಾಕಿದ ನಾಲ್ಕು ನೋಟುಪುಸ್ತಕಗಳು. ಅವುಗಳಲ್ಲಿ ಕೆಲವನ್ನು ಈಗಾಗಲೇ ಕೇಳಿದ್ದೇವೆ. ಒಂದರಲ್ಲಿ ಹಿಂದೋಳವು 20 ಸೆಕೆಂಡಿನಲ್ಲಿ ತನ್ನ ಪೂರ್ಣರೂಪವನ್ನು ತೋರಿ ನಿಲ್ಲುತ್ತದೆ. ತೀರ ಗಂಭೀರವಾಯಿತೆಂದು ಅದನ್ನು ಬೇಡವೆಂದರಂತೆ. ಗ್ರಂಥಭಂಡಾರದ ಸೂಚಿಯಲ್ಲಿ ಇವುಗಳನ್ನು ದಾಖಲುಮಾಡುವ ಕೆಲಸ ನಡೆಯುತ್ತಿದೆ. ಕೃತಿಯ ಹೆಸರು ಎಂಬ ಅಂಕಣದಲ್ಲಿ ಏನು ಬರೆಯಬೇಕೆಂದು ಇನ್ನೂ ನಿರ್ಧಾರವಾಗಿಲ್ಲ.